ಒಂದು ಲೀಟರ್ ನೀರಿನಲ್ಲಿ ಮೀನಿನ ಸುಳಿವು

2007ರ ಏಪ್ರಿಲ್‌ನಲ್ಲಿ ಅಮೆರಿಕದ ಅಲಬಾಮಾ ನದಿಯಲ್ಲಿ ಅಲ್ಲಿನ ಸರ್ಕಾರಿ ಮೀನುತಜ್ಞರಿಗೆ ಒಂದು ಸ್ಟರ್ಜನ್ ಮೀನು ಸಿಕ್ಕಿತು. ಅದರ ಮೈಯೊಳಗೆ ಶಬ್ದ ಹೊರಡಿಸುವ ಪುಟ್ಟ ಸಾಧನ ಇಟ್ಟು ಮತ್ತೆ ನದಿಗೆ ಬಿಟ್ಟರು, ಎಲ್ಲೆಲ್ಲಿ ಹೋಗುತ್ತದೆ ಎಂದು ಹಿಂಬಾಲಿಸಿದರು. ಅದಾದ ಮೇಲೆ ವರ್ಷಗಟ್ಟಲೆ ಹುಡುಕಿದರೂ 'ಅಲಬಾಮಾ ಸ್ಟರ್ಜನ್' ಜಾತಿಯ ಇನ್ನೊಂದು ಮೀನು ಅವರ ಬಲೆಗೆ ಬೀಳಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಇದೇ ಮೀನನ್ನು ಸಾವಿರಗಟ್ಟಲೆ ಹಿಡಿದು ಮಾರುತ್ತಿದ್ದರು. ಆಮೇಲೆ ನದಿಗೆ ಅಡ್ಡಲಾಗಿ ಒಂದರ ಹಿಂದೊಂದು ಅಣೆಕಟ್ಟು ಬಂತು, ದೋಣಿ ಸಂಚಾರಕ್ಕೆಂದು ಪಾತ್ರವನ್ನು ಅಗೆದು ಆಳ ಮಾಡಿದರು. 2000ದಲ್ಲಿ ಮೀನು ಅಲ್ಲಿನ ಕಾನೂನಿನ ಅಳಿವಿನಂಚಿನ ಪಟ್ಟಿ ಸೇರಿತು.

ಬಲೆಗೆ ಬೀಳುತ್ತಿಲ್ಲ ಎಂದ ಮಾತ್ರಕ್ಕೆ ಮೀನೇ ಇಲ್ಲ ಎನ್ನಬಹುದೆ? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಆ ನದಿಯ ಅಣೆಕಟ್ಟುಗಳಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಗೇಟುಗಳಿವೆ. 2009ರಿಂದ ವಸಂತಕಾಲದಲ್ಲಿ ಆ ಗೇಟುಗಳನ್ನು ಮೀನುಗಳಿಗಾಗಿಯೇ ತೆರೆದು ಮುಚ್ಚುವ ಏರ್ಪಾಡು ನಡೆದಿದೆ, ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಮೀನಿಗೆ ದಾರಿಯಾಗಲಿ ಎಂದು. ಮೀನೇ ಇಲ್ಲವಾದರೆ ಇದೆಲ್ಲ ಯಾರಿಗೆ ಎಂದು ಕೇಳುವವರು ಇದ್ದೇ ಇರುತ್ತಾರೆ.

ಆಗ ಸಂಶೋಧಕರು ಬಲೆಯ ಜೊತೆಗೆ ಬಾಟಲಿಯನ್ನೂ ಹಿಡಿದು ಹೊರಟರು. ಆ ಜಲಾನಯನದ ಬೇರೆ ಬೇರೆ ಕಡೆ ನೀರು ತುಂಬಿಸಿಕೊಂಡು, ಸೋಸಿ, ಅದರಲ್ಲಿ ಸ್ಟರ್ಜನ್‌ನ ಡಿಎನ್‌ಎ ಇದೆಯೇ ಎಂದು ಪ್ರಯೋಗಾಲಯದಲ್ಲಿ ಹುಡುಕಿದರು. ಸಿಕ್ಕಿತು. ಅಲಬಾಮಾ ಸ್ಟರ್ಜನ್‌ನದೂ ಸಿಕ್ಕಿತು, ಅದೇ ನೀರಿಗೆ ಸಮುದ್ರದಿಂದ ಬಂದುಹೋಗುವ ಗಲ್ಫ್ ಸ್ಟರ್ಜನ್‌ನದೂ ಸಿಕ್ಕಿತು. 2016ರಲ್ಲಿ ಇದು ಪ್ರಕಟವಾಯಿತು. ವರ್ಷಗಳಿಂದ ಯಾರ ಕಣ್ಣಿಗೂ ಬೀಳದ ಮೀನು ನದಿಯಲ್ಲಿ ಇನ್ನೂ ಇದೆ ಎನ್ನಲು ಬಲೆಯಾಚೆಗಿನ ಸಾಕ್ಷ್ಯ ಸಿಕ್ಕಂತಾಯಿತು.

ಈ ವಿದ್ಯೆಗೆ ಪರಿಸರ ಡಿಎನ್‌ಎ ಎನ್ನುತ್ತಾರೆ, ಚುಟುಕಾಗಿ ಇ-ಡಿಎನ್‌ಎ. ಇದು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ನಮ್ಮ ಕಾವೇರಿಯಲ್ಲಿ ಇದರಿಂದ ಏನು ಉಪಯೋಗ ಎನ್ನುವುದು ಈ ಲೇಖನದ ವಿಷಯ. ಸುದ್ದಿಗಳಲ್ಲಿ ಇದು ಮಂತ್ರದಂಡದ ಹಾಗೆ ಕಾಣಿಸಿಕೊಳ್ಳುತ್ತದೆ. ಕೆಲಸ ಮಾತ್ರ ತೀರಾ ಪಾತ್ರೆ ತೊಳೆಯುವ, ಚೀಟಿ ಅಂಟಿಸುವ, ಕೈಗವಸು ಬದಲಿಸುವ ಕೆಲಸ.

ನೀರಿಗೆ ಡಿಎನ್‌ಎ ಬರುವುದು ಎಲ್ಲಿಂದ

ಮೀನಿನ ಮೈಮೇಲೆ ಸದಾ ಲೋಳೆ ಇರುತ್ತದೆ, ಅದು ಸದಾ ಕಳಚುತ್ತಲೂ ಇರುತ್ತದೆ. ಅದರ ಜೊತೆ ಚರ್ಮದ ಕೋಶಗಳು, ಒಮ್ಮೊಮ್ಮೆ ಹುರುಪೆ, ಮಲ, ಮೊಟ್ಟೆಯಿಡುವ ಕಾಲದಲ್ಲಿ ಮೊಟ್ಟೆ ಮತ್ತು ವೀರ್ಯ. ಇವೆಲ್ಲದರಲ್ಲೂ ಕೋಶಗಳಿವೆ, ಕೋಶಗಳಲ್ಲಿ ಡಿಎನ್‌ಎ ಇದೆ. ಕೋಶದ ನ್ಯೂಕ್ಲಿಯಸ್‌ನಲ್ಲಿ ಇರುವುದು ಡಿಎನ್‌ಎಯ ಎರಡು ಪ್ರತಿ ಮಾತ್ರ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿ ಅವುಗಳದೇ ಆದ ಪುಟ್ಟ ಡಿಎನ್‌ಎ ಇರುತ್ತದೆ, ಒಂದೊಂದು ಕೋಶದಲ್ಲಿ ಅದರ ನೂರಾರು, ಸಾವಿರಾರು ಪ್ರತಿಗಳು. ಹಾಗಾಗಿ ನೀರಿನಲ್ಲಿ ಹುಡುಕುವವರು ಹೆಚ್ಚಾಗಿ ಮೈಟೊಕಾಂಡ್ರಿಯದ ಡಿಎನ್‌ಎಯನ್ನೇ ಹುಡುಕುತ್ತಾರೆ. ಪ್ರತಿ ಜಾಸ್ತಿ ಇದ್ದಷ್ಟೂ ಕೈಗೆ ಸಿಗುವ ಸಂಭವ ಜಾಸ್ತಿ.

ನೀರಿಗೆ ಬಿದ್ದ ಡಿಎನ್‌ಎ ಹೆಚ್ಚು ಕಾಲ ಬಾಳುವುದಿಲ್ಲ. ಬಿಸಿಲು, ಬಿಸಿ, ಆಮ್ಲೀಯ ನೀರು, ಸೂಕ್ಷ್ಮಾಣುಗಳು ಸೇರಿ ಅದನ್ನು ತುಂಡು ತುಂಡು ಮಾಡುತ್ತವೆ. ಕೆಲವು ದಿನ, ತಂಪು ನೀರಾದರೆ ಕೆಲವು ವಾರ, ಅಷ್ಟೇ. ಈ ಅಲ್ಪಾಯುಷ್ಯವೇ ಅನುಕೂಲ, ಏಕೆಂದರೆ ನೀರಿನಲ್ಲಿ ಇವತ್ತು ಸಿಕ್ಕಿದ ಡಿಎನ್‌ಎ ಇತ್ತೀಚಿನದೇ ಎನ್ನಬಹುದು. ತಳದ ಹೂಳಿನ ಕಥೆ ಬೇರೆ. ಮಣ್ಣಿನ ಕಣಕ್ಕೆ ಅಂಟಿದ ಡಿಎನ್‌ಎ ಬಹುಕಾಲ ಉಳಿಯುತ್ತದೆ. ಉತ್ತರ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಿಂದ ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎ ತೆಗೆದದ್ದು 2022ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೊಳೆಯಲ್ಲಿ ನೀರು ತುಂಬಿಸುವಾಗ ಕಾಲಿನಿಂದ ತಳ ಕದಡಬಾರದು ಎನ್ನುವ ನಿಯಮದ ಹಿಂದಿರುವುದು ಈ ಕಾರಣ. ಕದಡಿದರೆ ಹಳೆಯ ಲೆಕ್ಕ ಹೊಸ ಲೆಕ್ಕದೊಳಗೆ ಬೆರೆಯುತ್ತದೆ.

ದೊಡ್ಡ ಪ್ರಾಣಿಯೊಂದನ್ನು ಹೀಗೆ ನೀರಿನಿಂದಲೇ ಗುರುತಿಸಬಹುದೆಂದು ಮೊದಲು ತೋರಿಸಿದ್ದು ಮೀನಿನಲ್ಲಲ್ಲ, ಕಪ್ಪೆಯಲ್ಲಿ. 2008ರಲ್ಲಿ ಫ್ರಾನ್ಸಿನ ಕೊಳಗಳಲ್ಲಿ, ಅಲ್ಲಿಗೆ ಹೊರಗಿನಿಂದ ಬಂದು ಹಬ್ಬಿದ ಅಮೆರಿಕನ್ ಬುಲ್‌ಫ್ರಾಗ್‌ನ ಸುಳಿವನ್ನು ಕೆಲವೇ ಮಿಲಿಲೀಟರ್ ನೀರಿನಿಂದ ಹಿಡಿದರು.

ಹೊಳೆಯ ಬದಿಯ ಕೆಲಸ

ತಂಡ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಮೇಲಿನಿಂದ ಶುರುಮಾಡಿದರೆ ತಮ್ಮದೇ ಕಾಲಿನಿಂದ ಎದ್ದ ಕೆಸರು, ಬೂಟಿಗಂಟಿದ ಕೊಳೆ ಎಲ್ಲ ಮುಂದಿನ ಬಾಟಲಿಗೆ ಹರಿದುಬರುತ್ತದೆ. ಬೂಟು, ಬಕೆಟ್, ಪಂಪಿನ ಕೊಳವೆಗಳನ್ನು ಮೊದಲೇ ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆದಿರುತ್ತಾರೆ; ಬ್ಲೀಚ್ ಡಿಎನ್‌ಎಯನ್ನು ಮುರಿದುಹಾಕುತ್ತದೆ, ಬರೀ ಸೋಪು ಸಾಲದು. ಪ್ರತಿ ಜಾಗದಲ್ಲೂ ಹೊಸ ಕೈಗವಸು.

ನೀರು ತುಂಬಿಸುವ ಮೊದಲು ಮಾಡುವ ಒಂದು ಕೆಲಸ ನೋಡುವವರಿಗೆ ವಿಚಿತ್ರ ಎನಿಸೀತು. ಪ್ರಯೋಗಾಲಯದಿಂದ ತಂದ ಶುದ್ಧ ನೀರಿನ ಬಾಟಲಿಯನ್ನು ಹೊಳೆಯ ಬದಿಯಲ್ಲಿ ತೆರೆದು, ಅದನ್ನೇ ಸೋಸಿ, ಹೊಳೆಯ ನೀರಿನ ಜೊತೆ ಪರೀಕ್ಷೆಗೆ ಕಳಿಸುತ್ತಾರೆ. ಇದರಲ್ಲಿ ಮೀನಿನ ಡಿಎನ್‌ಎ ಇರಕೂಡದು. ಇದ್ದರೆ ಅದು ಬಂದದ್ದು ಹೊಳೆಯಿಂದಲ್ಲ, ತಂಡದ ಕೈಯಿಂದ ಅಥವಾ ಸಾಮಾನಿನಿಂದ. ಆಗ ಆ ದಿನದ ಫಲಿತಾಂಶವೆಲ್ಲ ಅನುಮಾನಕ್ಕೆ ಬೀಳುತ್ತದೆ. ಇದನ್ನು ಖಾಲಿ ಮಾದರಿ ಎನ್ನೋಣ. ಇ-ಡಿಎನ್‌ಎ ವರದಿ ಯಾವುದೇ ಕೈಗೆ ಬಂದರೂ ನಾನು ಮೊದಲು ನೋಡುವುದು ಖಾಲಿ ಮಾದರಿಗಳ ಸಾಲನ್ನು. ಆ ಸಾಲೇ ಇಲ್ಲದ ವರದಿಯನ್ನು ಮುಂದೆ ಓದುವ ಅಗತ್ಯವಿಲ್ಲ.

ಆಮೇಲೆ ಹೊಳೆಯ ನೀರು, ಸಾಮಾನ್ಯವಾಗಿ ಒಂದೆರಡು ಲೀಟರ್. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಕುಪ್ಪಿಯೊಳಗೆ 47 ಮಿಲಿಮೀಟರ್ ಅಗಲದ ಬಿಳಿ ಬಿಲ್ಲೆಯೊಂದು ಕೂತಿರುತ್ತದೆ. ಅದೇ ಫಿಲ್ಟರ್. ಅದರ ರಂಧ್ರಗಳು ಮೈಕ್ರಾನ್ ಲೆಕ್ಕದವು, 0.45 ಇರಬಹುದು, ಒಂದೂವರೆ ಇರಬಹುದು. ಪಂಪು ಎಳೆಯುತ್ತಿದ್ದ ಹಾಗೆ ನೀರು ದಾಟಿಹೋಗುತ್ತದೆ, ಬಿಲ್ಲೆ ಮೊದಲು ತಿಳಿ ಹಳದಿಯಾಗಿ, ಹಸಿರಾಗಿ, ಕೊನೆಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ತಿಳಿನೀರಿನ ತೊರೆಯಾದರೆ ಎರಡು ಲೀಟರ್ ಸಲೀಸು. ಮಳೆಗಾಲದ ಕೆಂಪು ನೀರಾದರೆ ಕಾಲು ಲೀಟರ್ ದಾಟುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಂಡು ಪಂಪು ಮುಲುಗತೊಡಗುತ್ತದೆ. ಆಗ ದೊಡ್ಡ ರಂಧ್ರದ ಫಿಲ್ಟರ್ ಹಾಕಬೇಕು, ಇಲ್ಲವೇ ಎರಡು ಮೂರು ಫಿಲ್ಟರ್ ಬದಲಿಸಬೇಕು. ಕೊನೆಗೆ ಬಿಲ್ಲೆಯನ್ನು ಚಿಮುಟದಿಂದ ಹಿಡಿದು, ಕೊಳೆ ಒಳಗಾಗುವಂತೆ ಮಡಚಿ, ಎಥನಾಲ್ ಅಥವಾ ಬಫರ್ ದ್ರಾವಣ ಇರುವ ಟ್ಯೂಬಿಗೆ ಇಳಿಸಿದರೆ ಡಿಎನ್‌ಎ ಕೊಳೆಯದೆ ಉಳಿಯುತ್ತದೆ. ಟ್ಯೂಬಿನ ಮೇಲೆ ಜಾಗ, ದಿನಾಂಕ, ಸಮಯ, ಎಷ್ಟು ನೀರು ಸೋಸಿದ್ದು ಎಂದು ಪೆನ್ಸಿಲಿನಲ್ಲೇ ಬರೆಯುವುದು ಒಳ್ಳೆಯದು. ಎಥನಾಲ್ ತಾಗಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.

ಇಷ್ಟನ್ನು ಮಾಡಲು ವಿಜ್ಞಾನಿಯೇ ಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಎಂಬ ಸಂರಕ್ಷಿತ ಉಭಯಚರ ಇರುವ ಕೊಳದ ಪಕ್ಕ ಮನೆ ಕಟ್ಟಬೇಕಾದರೆ ಮೊದಲು ಸಮೀಕ್ಷೆ ನಡೆಯಬೇಕು. ಅದಕ್ಕೆ 2014ರಿಂದ ಇ-ಡಿಎನ್‌ಎ ಪರೀಕ್ಷೆಯನ್ನೂ ಒಪ್ಪುತ್ತಾರೆ. ಕೊಳದ ಸುತ್ತ 20 ಕಡೆ ನೀರು ತೆಗೆದು ಒಂದೇ ಚೀಲದಲ್ಲಿ ಬೆರೆಸಿ, 15 ಮಿಲಿಲೀಟರ್‌ನಂತೆ ಆರು ಟ್ಯೂಬುಗಳಿಗೆ ಹಾಕಬೇಕು, ಅದೂ ಏಪ್ರಿಲ್ 15ರಿಂದ ಜೂನ್ 30ರ ಒಳಗೆ. ತರಬೇತಿ ಪಡೆದ ಸ್ವಯಂಸೇವಕರೂ ಇದನ್ನು ಮಾಡಿ ತೋರಿಸಿದ್ದಾರೆ.

ಪ್ರಯೋಗಾಲಯದ ಒಳಗೆ

ಫಿಲ್ಟರಿನ ಮೇಲಿನ ಕೊಳೆಯಿಂದ ಡಿಎನ್‌ಎಯನ್ನು ಬಿಡಿಸಿ ತೆಗೆದಾಗ ಕೈಗೆ ಸಿಗುವುದು ಒಂದೆರಡು ಹನಿ ದ್ರಾವಣ. ಅದರಲ್ಲಿ ಬ್ಯಾಕ್ಟೀರಿಯ, ಪಾಚಿ, ದನ, ಎಮ್ಮೆ, ಮನುಷ್ಯ ಎಲ್ಲರ ಡಿಎನ್‌ಎಯೂ ಇದೆ. ನಮಗೆ ಬೇಕಾದ ಮೀನಿನದು ಅದರಲ್ಲಿ ಕಾಣದಷ್ಟು ಸಣ್ಣ ಪಾಲು. ಇಲ್ಲಿಂದ ಎರಡು ದಾರಿ.

ಮೊದಲ ದಾರಿ, ಒಂದೇ ಜಾತಿಯನ್ನು ಹುಡುಕುವುದು. ಇದಕ್ಕೆ ಬಳಸುವುದು ಪಿಸಿಆರ್. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಪರಿಚಯವಿರುವ ಹೆಸರು. ಆ ಮೀನಿನ ಡಿಎನ್‌ಎಯಲ್ಲಿ ಮಾತ್ರ ಇರುವ ಒಂದು ಭಾಗವನ್ನು ಆರಿಸಿ, ಅದರ ಎರಡೂ ತುದಿಗೆ ಅಂಟಿಕೊಳ್ಳುವ, ಸುಮಾರು 20 ಅಕ್ಷರ ಉದ್ದದ ಎರಡು ಚೂರುಗಳನ್ನು ತಯಾರಿಸುತ್ತಾರೆ. ಇವು ಪ್ರೈಮರ್‌ಗಳು. ಮನೆ ಸಂಖ್ಯೆ, ಬೀದಿ ಎರಡೂ ಸರಿಯಿದ್ದರೆ ಮಾತ್ರ ಕಾಗದ ಕೊಡುವ ಹಟಮಾರಿ ಅಂಚೆಯಣ್ಣನಂತೆ, ಎರಡೂ ಪ್ರೈಮರ್ ಸರಿಯಾಗಿ ಕೂತರೆ ಮಾತ್ರ ನಡುವಿನ ಭಾಗ ನಕಲಾಗುತ್ತದೆ. ದ್ರಾವಣವನ್ನು 95 ಡಿಗ್ರಿಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆ ಬೇರೆಯಾಗುತ್ತವೆ, 60 ಡಿಗ್ರಿ ಆಸುಪಾಸಿಗೆ ತಣಿಸಿದಾಗ ಪ್ರೈಮರ್ ಅಂಟಿ ಹೊಸ ಪ್ರತಿ ಬೆಳೆಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, 30 ಸುತ್ತು ಮುಗಿಯುವ ಹೊತ್ತಿಗೆ ಒಂದೇ ತುಣುಕು 107 ಕೋಟಿ ದಾಟಿರುತ್ತದೆ. ಪ್ರತಿ ನಕಲಿನ ಜೊತೆಗೂ ಮಿನುಗುವ ಬಣ್ಣವೊಂದು ಬಿಡುಗಡೆಯಾಗುವುದರಿಂದ, ಯಂತ್ರ ಆ ಬೆಳಕನ್ನು ಅಳೆದು ಎಷ್ಟನೇ ಸುತ್ತಿನಲ್ಲಿ ಅದು ಗೆರೆ ದಾಟಿತು ಎಂದು ಹೇಳುತ್ತದೆ. ಬೇಗ ದಾಟಿದರೆ ಡಿಎನ್‌ಎ ಹೆಚ್ಚಿತ್ತು ಎಂದರ್ಥ. 38, 39ನೇ ಸುತ್ತಿನಲ್ಲಿ ದಾಟಿದರೆ ಒಂದೋ ಎರಡೋ ತುಣುಕು ಇತ್ತು, ಅಥವಾ ಎಲ್ಲೋ ಏನೋ ಎಡವಟ್ಟಾಗಿದೆ. ಅದಕ್ಕೇ ಒಂದೊಂದು ಮಾದರಿಯನ್ನೂ ಹಲವು ಸಲ ಓಡಿಸುತ್ತಾರೆ.

ಎರಡನೆಯ ದಾರಿ, ನೀರಿನಲ್ಲಿರುವ ಎಲ್ಲ ಮೀನುಗಳನ್ನೂ ಒಟ್ಟಿಗೆ ಓದುವುದು. ಜಪಾನಿನ ವಿಜ್ಞಾನಿಗಳು 2015ರಲ್ಲಿ 'ಮಿಫಿಶ್' ಎಂಬ ಪ್ರೈಮರ್ ಜೋಡಿಯನ್ನು ಪ್ರಕಟಿಸಿದರು. ಬಹುತೇಕ ಎಲ್ಲ ಮೀನುಗಳಲ್ಲೂ ಸಮಾನವಾಗಿರುವ ಜಾಗಕ್ಕೆ ಇದು ಅಂಟುತ್ತದೆ, ನಡುವೆ ಸಿಗುವ ಸುಮಾರು 170 ಅಕ್ಷರಗಳು ಜಾತಿಯಿಂದ ಜಾತಿಗೆ ಬದಲಾಗುತ್ತವೆ. ಓಕಿನಾವಾದ ಚುರಾಉಮಿ ಮತ್ಸ್ಯಾಲಯದ ತೊಟ್ಟಿಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಅಲ್ಲಿದ್ದವುಗಳ ಪೈಕಿ ಡಿಎನ್‌ಎ ದಾಖಲೆ ಇದ್ದ 180 ಜಾತಿಗಳಲ್ಲಿ 168 ಜಾತಿ ನೀರಿನಿಂದಲೇ ಗುರುತಿಗೆ ಬಂದವು. ಆದರೆ ಓದಿದ ಅಕ್ಷರಗಳನ್ನು ಹೋಲಿಸಿ ನೋಡಲು ಆ ಮೀನಿನ ಡಿಎನ್‌ಎ ಮೊದಲೇ ಯಾವುದಾದರೂ ದತ್ತಾಂಶ ಸಂಗ್ರಹದಲ್ಲಿ ದಾಖಲಾಗಿರಬೇಕು. ದಾಖಲೆಯಲ್ಲಿ ಇಲ್ಲದ ಮೀನು ಹೊಳೆಯಲ್ಲಿದ್ದರೂ ಪಟ್ಟಿಯಲ್ಲಿ ಬರುವುದಿಲ್ಲ, ಅಥವಾ ಅದರ ದಾಯಾದಿಯ ಹೆಸರಿನಲ್ಲಿ ಬರುತ್ತದೆ. ಪಶ್ಚಿಮ ಘಟ್ಟದ ತೊರೆಗಳಿಗೆ ಹೋಗುವವರಿಗೆ ಇದು ಸಣ್ಣ ತೊಡಕಲ್ಲ.

ನಮ್ಮ ದೇಶದಲ್ಲೂ ಈ ಕೆಲಸ ನಡೆಯುತ್ತಿದೆ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರದ ನೀರಿನ ಡಿಎನ್‌ಎ ಓದಿ ಅಲ್ಲಿನ ಇಡೀ ಜೀವರಾಶಿಯ ಪಟ್ಟಿ ಮಾಡುವ ವಿಧಾನವನ್ನು ಪ್ರಯೋಗಿಸಿದ್ದಾರೆ. ಅಪರೂಪದ ಒಂದೇ ಮೀನಿನ ಹುಡುಕಾಟಕ್ಕಾದರೆ ಮೊದಲ ದಾರಿಯೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಎಲ್ಲವನ್ನೂ ಓದುವಾಗ ಹೊಳೆ ತುಂಬ ಇರುವ ಮೀನುಗಳ ಡಿಎನ್‌ಎಯೇ ಜಾಗವೆಲ್ಲ ಹಿಡಿದು, ವಿರಳವಾದದ್ದು ಬಿಟ್ಟುಹೋಗುವ ಅಪಾಯವಿದೆ.

'ಇದೆ' ಎಂದರೆ ಎಷ್ಟು ಇದೆ?

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಟೈಡ್‌ವಾಟರ್ ಗೋಬಿ ಎಂಬ ಬೆರಳುದ್ದದ ಮೀನಿದೆ, ಅಳಿವಿನಂಚಿನದು. ಅಲ್ಲಿ ಬಲೆ ಎಳೆದದ್ದನ್ನೂ ನೀರಿನ ಪರೀಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಮೀನಿದ್ದ ಕಡೆ ಅದನ್ನು ಪತ್ತೆಹಚ್ಚುವ ಸಂಭವ ಇ-ಡಿಎನ್‌ಎಯಲ್ಲಿ ಬಲೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಂತು. ಸಣ್ಣ ಮೀನು, ಅಡಗುವ ಮೀನು, ಮುಟ್ಟಿದರೆ ಸಾಯುವ ಮೀನುಗಳ ವಿಷಯದಲ್ಲಿ ಬಾಟಲಿ ಬಲೆಯನ್ನು ಹಿಂದೆ ಹಾಕುತ್ತದೆ ಎನ್ನುವುದರಲ್ಲಿ ಈಗ ಹೆಚ್ಚು ತಕರಾರಿಲ್ಲ.

ಆದರೆ ಬಾಟಲಿ ಹೇಳದ ಮಾತುಗಳು ಬಹಳ. ಎಷ್ಟು ಮೀನು? ನೂರು ಸಣ್ಣವೋ, ಹತ್ತು ದೊಡ್ಡವೋ? ಗಂಡೋ ಹೆಣ್ಣೋ? ಜೀವಂತವೋ, ಸತ್ತು ತೇಲಿದ್ದೋ? ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ರಾಕ್ಷಸ ಪ್ರಾಣಿಯ ಕಥೆ ಗೊತ್ತಲ್ಲ. 2018ರಲ್ಲಿ ನ್ಯೂಜಿಲೆಂಡಿನ ನೀಲ್ ಗೆಮೆಲ್ ಅವರ ತಂಡ ಅಲ್ಲಿನ ನೀರನ್ನು ಪರೀಕ್ಷಿಸಿತು. ಸರೀಸೃಪದ ಡಿಎನ್‌ಎ ಸಿಗಲಿಲ್ಲ, ಹಾವುಮೀನಿನದು ಮಾತ್ರ ಧಾರಾಳವಾಗಿ ಸಿಕ್ಕಿತು. ಫಲಿತಾಂಶ ಹೊರಬಿದ್ದದ್ದೇ ಪತ್ರಿಕೆಗಳಲ್ಲಿ ದೈತ್ಯ ಹಾವುಮೀನು ಪ್ರತ್ಯಕ್ಷವಾಯಿತು! ಮೀನಿನ ಗಾತ್ರ ಡಿಎನ್‌ಎಯಲ್ಲಿ ಬರೆದಿರುವುದಿಲ್ಲ. ಒಂದು ದೈತ್ಯ ಮೀನಿನ ಲೋಳೆಯೂ ಸಾವಿರ ಸಣ್ಣ ಮೀನುಗಳ ಲೋಳೆಯೂ ಟ್ಯೂಬಿನಲ್ಲಿ ಒಂದೇ.

ಸುಳ್ಳು ಸುಳಿವಿನ ಮೂಲಗಳೂ ಹಲವು. ಮೀನು ತಿನ್ನುವ ಊರಿನ ಚರಂಡಿ, ಮೀನು ಮಾರುಕಟ್ಟೆ ತೊಳೆದ ನೀರು, ಬೇರೆ ಕಡೆ ಮೀನು ತಿಂದು ಇಲ್ಲಿ ಹಿಕ್ಕೆ ಹಾಕುವ ನೀರುಕಾಗೆ, ನೀರುನಾಯಿ, ನಿನ್ನೆ ಇನ್ನೊಂದು ಹೊಳೆಯಲ್ಲಿದ್ದ ದೋಣಿ. ಇವೆಲ್ಲದರ ಮೇಲೆ ನದಿಯ ಹರಿವು. ಸ್ವಿಟ್ಜರ್ಲೆಂಡಿನಲ್ಲಿ ಒಂದು ಸರೋವರದ ಜೀವಿಗಳ ಡಿಎನ್‌ಎ, ಅಲ್ಲಿಂದ ಹೊರಡುವ ಹೊಳೆಯಲ್ಲಿ ಸುಮಾರು 12 ಕಿ.ಮೀ. ಕೆಳಗಿನವರೆಗೂ ಸಿಕ್ಕಿದೆ. ಹೊಳೆಯಲ್ಲಿ ಸಿಕ್ಕ ಡಿಎನ್‌ಎ 'ಇಲ್ಲಿ' ಎನ್ನುವುದಿಲ್ಲ, 'ಇಲ್ಲಿ ಅಥವಾ ಇನ್ನೂ ಮೇಲೆ' ಎನ್ನುತ್ತದೆ. ಹಾಗಾಗಿ ಸುಳಿವು ಸಿಕ್ಕ ಜಾಗದಿಂದ ಮೇಲಕ್ಕೆ, ಉಪನದಿ ಸೇರುವ ಪ್ರತಿ ಕೂಡುವಿಕೆಯ ಎರಡೂ ಕಡೆ ನೀರು ತೆಗೆಯುತ್ತ ಹೋಗಬೇಕು, ಸುಳಿವು ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ.

ಅಮೆರಿಕದ ಷಿಕಾಗೋದಲ್ಲಿ ಇ-ಡಿಎನ್‌ಎ ಸುಳಿವಿನ ಪ್ರಶ್ನೆ ಕೋರ್ಟಿನ ಬಾಗಿಲು ತಟ್ಟಿತ್ತು. ನಮ್ಮ ಕೆರೆಗಳಲ್ಲಿ ಬೆಳ್ಳಿ ಗೆಂಡೆ ಎಂದು ಸಾಕುವ ಚೀನಾ ಮೂಲದ ಮೀನು ಮತ್ತು ಅದರ ಸೋದರ ಬಿಗ್‌ಹೆಡ್ ಗೆಂಡೆ ಅಲ್ಲಿ ನದಿಗಳಲ್ಲಿ ಹಬ್ಬಿ ದೊಡ್ಡ ಉಪದ್ರವವಾಗಿವೆ. ಅವು ಮಹಾಸರೋವರಗಳಿಗೆ ನುಗ್ಗದಂತೆ ಕಾಲುವೆಯಲ್ಲಿ ವಿದ್ಯುತ್ ತಡೆ ಹಾಕಿದ್ದಾರೆ. 2009ರಲ್ಲಿ ತಡೆಯ ಆಚೆ ಬದಿಯ ನೀರಿನಲ್ಲೂ ಗೆಂಡೆಯ ಡಿಎನ್‌ಎ ಸಿಕ್ಕಿತು. ಪಕ್ಕದ ಮಿಷಿಗನ್ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಕಾಲುವೆಯ ಗೇಟು ಮುಚ್ಚಿಸಿ ಎಂದಿತು. ಕೋರ್ಟು ಆ ತುರ್ತು ಆದೇಶ ಕೊಡಲಿಲ್ಲ. ಡಿಎನ್‌ಎ ಇದ್ದರೆ ಮೀನು ಇದೆಯೆಂದೇ, ದೋಣಿಗೆ ಅಂಟಿ ಬಂದಿರಬಾರದೇ ಎಂಬ ವಾದ ನಡೆಯುತ್ತಿದ್ದಾಗಲೇ, 2010ರ ಜೂನ್‌ನಲ್ಲಿ ತಡೆಯ ಆಚೆಯ ಕ್ಯಾಲುಮೆಟ್ ಸರೋವರದಲ್ಲಿ ಸುಮಾರು ಒಂಬತ್ತು ಕಿಲೋ ತೂಕದ ಜೀವಂತ ಬಿಗ್‌ಹೆಡ್ ಗೆಂಡೆ ಬಲೆಗೆ ಬಿತ್ತು.

'ಇಲ್ಲ' ಎಂಬ ಉತ್ತರಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ಕಾಡುತೊರೆಯ ನೀರಿನಲ್ಲಿ ಹ್ಯೂಮಿಕ್ ಆಮ್ಲ ಇರುತ್ತದೆ. ಅದು ಪಿಸಿಆರ್ ಕ್ರಿಯೆಯನ್ನೇ ತಡೆದು, ಡಿಎನ್‌ಎ ಇದ್ದರೂ ಯಂತ್ರ ಸುಮ್ಮನಿರುವಂತೆ ಮಾಡುತ್ತದೆ. ಇದನ್ನು ಪತ್ತೆಹಚ್ಚಲು ಪ್ರತಿ ಟ್ಯೂಬಿಗೂ ಗೊತ್ತಿರುವ ಬೇರೊಂದು ಡಿಎನ್‌ಎಯನ್ನು ಬೇಕೆಂದೇ ಹಾಕುತ್ತಾರೆ. ಅದೂ ನಕಲಾಗದಿದ್ದರೆ ಟ್ಯೂಬಿನ ಉತ್ತರವನ್ನು ನಂಬುವಂತಿಲ್ಲ. ಇನ್ನೊಂದು ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಮೀನಿರುವ ಜಾಗದಲ್ಲಿ ಒಂದು ಬಾಟಲಿಗೆ ಅದರ ಡಿಎನ್‌ಎ ಸಿಗುವ ಸಂಭವ ನೂರಕ್ಕೆ 30 ಎಂದುಕೊಳ್ಳಿ. ಒಂದೇ ಬಾಟಲಿ ತಂದರೆ ತಪ್ಪಿಹೋಗುವ ಸಂಭವ ನೂರಕ್ಕೆ 70. ಐದು ತಂದರೆ ಐದೂ ತಪ್ಪಿಹೋಗುವ ಸಂಭವ 17ಕ್ಕೆ ಇಳಿಯುತ್ತದೆ, ಹತ್ತು ತಂದರೆ 3ಕ್ಕಿಂತ ಕೆಳಗೆ. ಒಂದೇ ಸಲ ಒಂದು ಬಾಟಲಿ ನೀರು ತಂದು ಮೀನು ಅಳಿದಿದೆ ಎನ್ನುವುದು ವಿಜ್ಞಾನವಲ್ಲ.

ಮೊಟ್ಟೆಯಿಡುವ ಹೊತ್ತನ್ನು ಹಿಡಿಯುವುದು

ಈ ವಿದ್ಯೆಯಲ್ಲಿ ನನಗೆ ಅತಿ ಚಂದ ಕಂಡದ್ದು ಆಸ್ಟ್ರೇಲಿಯಾದ ಒಂದು ಕೆಲಸ. ಅಲ್ಲಿನ ಮ್ಯಾಕ್ವಾರಿ ಪರ್ಚ್ ಎಂಬ ಮೀನು ಅಳಿವಿನಂಚಿನಲ್ಲಿದೆ. ಅದು ನದಿಯಲ್ಲಿದೆ ಎನ್ನುವುದು ಗೊತ್ತು, ಮರಿ ಮಾಡುತ್ತಿದೆಯೇ ಎನ್ನುವುದು ಪ್ರಶ್ನೆ. ವೀರ್ಯಾಣುವಿನಲ್ಲಿ ನ್ಯೂಕ್ಲಿಯಸ್‌ನ ಡಿಎನ್‌ಎ ಗಟ್ಟಿಯಾಗಿ ತುಂಬಿರುತ್ತದೆ, ಮೈಟೊಕಾಂಡ್ರಿಯ ಕಡಿಮೆ. ಹಾಗಾಗಿ ಮೀನುಗಳು ಕೂಡಿ ವೀರ್ಯ ಚೆಲ್ಲಿದಾಗ ನೀರಿನಲ್ಲಿ ನ್ಯೂಕ್ಲಿಯಸ್ ಡಿಎನ್‌ಎಯ ಪಾಲು ಒಮ್ಮೆಲೇ ಏರುತ್ತದೆ. ಎರಡೂ ಬಗೆಯ ಡಿಎನ್‌ಎ ಅಳೆದು ಅನುಪಾತ ನೋಡಿದರೆ ಮೊಟ್ಟೆಯಿಡುವಿಕೆ ನಡೆದದ್ದನ್ನು ಮೀನನ್ನು ಮುಟ್ಟದೆಯೇ ತಿಳಿಯಬಹುದು ಎಂದು 2017ರಲ್ಲಿ ತೋರಿಸಿದರು. ಯಾವ ವಾರ ಅಣೆಕಟ್ಟಿನಿಂದ ನೀರು ಬಿಡಬೇಕು, ಯಾವ ವಾರ ಮರಳಿಗೆ ಕೈ ಹಾಕಬಾರದು ಎಂದು ನಿರ್ಧರಿಸುವವರಿಗೆ ಇಂಥ ಮಾಹಿತಿಗಿಂತ ಬೇರೇನು ಬೇಕು?

ಕಾವೇರಿಗೆ ಬಂದರೆ

ಕಾವೇರಿಯ ಗೂನುಬೆನ್ನಿನ ಮಹಶೀರ್ ಲೋಕಪ್ರಸಿದ್ಧ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಎಳೆದದ್ದು 120 ಪೌಂಡ್, ಅಂದರೆ 54 ಕಿಲೋ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ಇದಕ್ಕಾಗಿಯೇ ದೇಶವಿದೇಶದಿಂದ ಗಾಳಗಾರರು ಬರುತ್ತಿದ್ದರು, ಹಿಡಿದು ತೂಗಿ ಮತ್ತೆ ಬಿಡುತ್ತಿದ್ದರು. ಇಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಗಟ್ಟಿಯಾಗಿರಲಿಲ್ಲ. 2018ರ ಅಧ್ಯಯನವೊಂದು ಡಿಎನ್‌ಎ ಮತ್ತು ಮೈಲಕ್ಷಣ ಎರಡನ್ನೂ ನೋಡಿ ಇದು 'ಟಾರ್ ರೆಮಾದೇವಿಯೈ' ಎಂದು ತೀರ್ಮಾನಿಸಿತು. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಿದ್ದ ಜಾತಿ ಅದು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತದೆ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘಟನೆ ಐಯುಸಿಎನ್ ಇದನ್ನು ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು.

ಕುಸಿತಕ್ಕೆ ಅಣೆಕಟ್ಟು, ಮೀನು ಹಿಡಿಯಲು ಹಾಕುವ ಸಿಡಿಮದ್ದು, ಮರಳು ತೆಗೆಯುವುದು ಎಲ್ಲವೂ ಕಾರಣ. ಜೊತೆಗೆ ಇನ್ನೊಂದಿದೆ, ಅದು ಒಳ್ಳೆಯ ಉದ್ದೇಶದಿಂದಲೇ ಆದದ್ದು. ಮಹಶೀರ್ ಕಡಿಮೆಯಾಗುತ್ತಿದೆ ಎಂದು 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್ ಅನ್ನು, ಅಂದರೆ ಟಾರ್ ಖುದ್ರಿಯನ್ನು, ಕಾವೇರಿಗೂ ತಂದು ಬಿಟ್ಟರು. ಬಂದ ಮೀನು ಹಬ್ಬಿತು, ಇದ್ದ ಮೀನು ಕುಗ್ಗಿತು. ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದಲೇ ಈ ಅದಲುಬದಲು ಬೆಳಕಿಗೆ ಬಂದದ್ದು. 2012ರ ಸುಮಾರಿಗೆ ವನ್ಯಜೀವಿ ಕಾನೂನಿನಡಿ ಗಾಳದ ಶಿಬಿರಗಳು ನಿಂತ ಮೇಲೆ ಆ ಲೆಕ್ಕವೂ ನಿಂತಿತು.

ಆ ಖಾಲಿ ಜಾಗವನ್ನು ತುಂಬಲು ನೀರಿನ ಪರೀಕ್ಷೆ ಹೇಳಿಮಾಡಿಸಿದಂತಿದೆ. ಮಡುವಿನ ಆಳದಲ್ಲಿ, ಬಂಡೆಗಳ ನಡುವೆ, ಮೊಸಳೆ ಇರುವ ನೀರಿನಲ್ಲಿ ಬಲೆ ಹಾಕುವುದು ಸುಲಭವಲ್ಲ. ಆದರೆ ಇಲ್ಲಿ ಪರೀಕ್ಷೆಯ ನಿಜವಾದ ಕಷ್ಟ ದಾಯಾದಿಯಿಂದ. ಪ್ರೈಮರ್ ರೆಮಾದೇವಿಯೈಗೆ ಅಂಟಬೇಕು, ಖುದ್ರಿಗೆ ಅಂಟಬಾರದು. ಎರಡೂ ಮೀನಿನ ರೆಕ್ಕೆಯ ಚೂರಿನ ಮೇಲೆ ಅದನ್ನು ಮೊದಲು ಪರೀಕ್ಷಿಸಬೇಕು. ಆಮೇಲೆ ಗೂನುಬೆನ್ನಿನ ಮೀನು ಇನ್ನೂ ಉಳಿದಿರುವ ಮೋಯಾರ್ ಹೊಳೆಯ ನೀರಿನಲ್ಲಿ, ಖುದ್ರಿ ಮಾತ್ರ ಇರುವ ಇನ್ನೊಂದು ನೀರಿನಲ್ಲಿ ಪರೀಕ್ಷಿಸಬೇಕು. ಆಗಲೂ ಒಂದು ಸಂದು ಉಳಿಯುತ್ತದೆ. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಎರಡು ಜಾತಿ ಬೆರೆತು ಮಿಶ್ರತಳಿ ಹುಟ್ಟಿದ್ದರೆ, ತಾಯಿ ರೆಮಾದೇವಿಯೈ ಆದ ಮರಿಯನ್ನು ಈ ಪರೀಕ್ಷೆ ಅಪ್ಪಟ ರೆಮಾದೇವಿಯೈ ಎಂದೇ ಹೇಳುತ್ತದೆ. ಅದನ್ನು ಬಿಡಿಸಲು ನ್ಯೂಕ್ಲಿಯಸ್‌ನ ಡಿಎನ್‌ಎಯೂ ಬೇಕು, ಕೊನೆಗೆ ಕೈಯಲ್ಲೊಂದು ಮೀನೂ ಬೇಕು.

ನೀರು ತೆಗೆಯುವ ಕಾಲವೂ ಮುಖ್ಯ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಲಕ್ಷ ಕ್ಯೂಸೆಕ್ ಬಿಟ್ಟಾಗ ಸೆಕೆಂಡಿಗೆ 28 ಲಕ್ಷ ಲೀಟರ್ ಹರಿಯುತ್ತಿರುತ್ತದೆ, ನಮ್ಮ ಕೈಯಲ್ಲಿರುವುದು ಒಂದು ಲೀಟರ್ ಬಾಟಲಿ. ಬೇಸಿಗೆಯಲ್ಲಿ ಹರಿವು ಇಳಿದು ಮೀನು ಮಡುಗಳಿಗೆ ಸೇರಿದಾಗ ಹುಡುಕುವುದು ಜಾಣತನ. ಬಿಸಿನೀರಿನಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ ನಿಜ, ಹಾಗಾಗಿ ಬೆಳಗಿನ ಜಾವ ತೆಗೆದು ಅಲ್ಲೇ ಸೋಸಬೇಕು.

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಗಳು ಇದನ್ನು ಕಲಿಯಲು ಸಂರಕ್ಷಿತ ಕಾಡಿಗೇ ಹೋಗಬೇಕಿಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವಸ್ಥಾನದ ಮುಂದೆಯೇ ಮಹಶೀರ್ ಗುಂಪುಗಳಿವೆ. ಮೀನು ಎಲ್ಲಿದೆಯೆಂದು ಕಣ್ಣಿಗೆ ಕಾಣುವ ಇಂಥ ಜಾಗದಿಂದ ನೂರು ಮೀಟರ್, ಅರ್ಧ ಕಿಲೋಮೀಟರ್, ಎರಡು ಕಿಲೋಮೀಟರ್ ಕೆಳಗೆ ನೀರು ತೆಗೆದು ಸುಳಿವು ಎಲ್ಲಿ ಕರಗುತ್ತದೆ ಎಂದು ನೋಡಬಹುದು. ನಮ್ಮ ಹೊಳೆಗಳಲ್ಲಿ, ನಮ್ಮ ಬಿಸಿಲಿನಲ್ಲಿ ಡಿಎನ್‌ಎ ಎಷ್ಟು ದೂರ ಹೋಗುತ್ತದೆ ಎನ್ನುವ ಅಂಕಿ ಸ್ವಿಟ್ಜರ್ಲೆಂಡಿನಿಂದ ಎರವಲು ತರುವಂಥದ್ದಲ್ಲ, ಇಲ್ಲೇ ಅಳೆಯಬೇಕಾದದ್ದು. ಒಂದೇ ವರ್ಷದ ವಿದ್ಯಾರ್ಥಿ ಪ್ರಾಜೆಕ್ಟಿಗೆ ಇದು ಒಪ್ಪುವ ಕೆಲಸ.

ಅರಣ್ಯ ಇಲಾಖೆಯವರಾಗಲಿ ಸಂಸ್ಥೆಯವರಾಗಲಿ ಇಂಥ ಸಮೀಕ್ಷೆ ಮಾಡಿಸುವ ಮೊದಲು ಒಂದು ಹಾಳೆಯಲ್ಲಿ ಎರಡು ಸಾಲು ಬರೆದಿಡಲಿ: ಮೀನು ಇದೆ ಎಂದು ಬಂದರೆ ಯಾರು ಯಾವ ತಿಂಗಳೊಳಗೆ ಏನು ಮಾಡುತ್ತಾರೆ, ಇಲ್ಲ ಎಂದು ಬಂದರೆ ಇನ್ನೆಷ್ಟು ಸಲ, ಎಲ್ಲೆಲ್ಲಿ ಮತ್ತೆ ನೋಡುತ್ತಾರೆ. ಈ ಎರಡು ಸಾಲು ಬರೆಯಲು ಆಗದಿದ್ದರೆ ಆ ದುಡ್ಡನ್ನು ಸಿಡಿಮದ್ದು ಹಾಕುವವರನ್ನು ತಡೆಯುವ ಕಾವಲುಗಾರರಿಗೆ ಕೊಡುವುದು ಮೇಲು.